ಆಷಾಢದ ಗಾಳಿಯಲ್ಲಿ ಮಾಡೆಲ್ ವಿಮಾನ ತಿರುಗಿಸುವುದು ಹೇಗೆ

ಆಷಾಢ ಬಂತೆಂದರೆ ನಮ್ಮ ಕೋಲಾರದ ಕಡೆ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ಗಾಳಿಪಟ ಹಾರಿಸುವವರಿಗೆ ಹಬ್ಬ. ರಿಮೋಟ್ ವಿಮಾನ ಕಲಿಯುವವರಿಗೆ ಕಷ್ಟದ ಕಾಲ. ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ನೀರು ಬಂದು ಕೆರೆಗಳು ತುಂಬಿದ ಮೇಲೆ ನಾವು ಹಾರಿಸುವುದು ಬೀಳು ಹೊಲಗಳಲ್ಲಿ. ನನ್ನ ಹತ್ತಿರ ಕಲಿಯಲು ಬರುವ ಹುಡುಗರ ವಿಮಾನಗಳು ಹೆಚ್ಚಾಗಿ ಬೀಳುವುದು ಒಂದೇ ಹಂತದಲ್ಲಿ: ಎದುರುಗಾಳಿಯಿಂದ ತಿರುಗಿ, ಗಾಳಿ ಬೆನ್ನಿಗೆ ಬಂದ ಕೂಡಲೇ. “ಸಾರ್, ಹಿಂದಿನಿಂದ ಗಾಳಿ ಹೊಡೆದು ಬಿತ್ತು” ಅನ್ನುತ್ತಾರೆ. ನಿಜವಾಗಿ ಮೋಸಹೋಗಿದ್ದು ಅವರ ಕಣ್ಣು.

ಲೆಕ್ಕ ನೋಡಿ. ವಿಮಾನ ಗಾಳಿಯೊಳಗೆ ಗಂಟೆಗೆ 36 ಕಿ.ಮೀ. ಹೋಗುತ್ತಿದೆ, ಗಾಳಿಯ ವೇಗ 18. ಎದುರು ಹೋಗುವಾಗ ನೆಲಕ್ಕೆ ಹೋಲಿಸಿದರೆ 18ರಲ್ಲಿ ತೆವಳುತ್ತದೆ, ತಿರುಗಿದ ಮೇಲೆ 54ರಲ್ಲಿ ನುಗ್ಗುತ್ತದೆ. ರೆಕ್ಕೆಗೆ ಮಾತ್ರ ಎರಡೂ ಕಡೆ ಸಿಗುವುದು ಅದೇ 36. ಓಡುವ ರೈಲಿನೊಳಗೆ ಯಾವ ಕಡೆಗೆ ನಡೆದರೂ ಕಾಲಿಗೆ ವ್ಯತ್ಯಾಸ ತಿಳಿಯುವುದಿಲ್ಲವಲ್ಲ, ಹಾಗೆ. ಆದರೆ ಹೊಲದಲ್ಲಿ ನಿಂತ ಹುಡುಗ 54 ಕಂಡು ಗಾಬರಿಯಾಗಿ ಥ್ರಾಟಲ್ (ಮೋಟಾರಿನ ಶಕ್ತಿ) ಇಳಿಸುತ್ತಾನೆ, ಮೂತಿ ಎತ್ತುವ ಎಲಿವೇಟರ್ ಎಳೆಯುತ್ತಾನೆ. ವಿಮಾನ ಸ್ಟಾಲ್ ಆಗಿ, ಅಂದರೆ ರೆಕ್ಕೆಯ ಎತ್ತುವ ಬಲ ಕುಸಿದು, ಒಂದು ರೆಕ್ಕೆ ಕೆಳಗೆ ಬೀಳುತ್ತದೆ.

ಹಾಗಾಗಿ ತಿರುವಿನಲ್ಲಿ ಥ್ರಾಟಲ್ ಇಳಿಸಬೇಡಿ, ವಾಲಿಸಿದಷ್ಟೂ ತುಸು ಏರಿಸಿ. ನೆಲದ ಮೇಲೆ ಓಡುವ ನೆರಳನ್ನಲ್ಲ, ಮೂತಿ ಎಷ್ಟು ಎತ್ತಿದೆ ಅನ್ನುವುದನ್ನು ನೋಡಿ. ವಾಲಿಕೆ 30 ಡಿಗ್ರಿ ಸಾಕು. ಎತ್ತರ ಕಾಯ್ದುಕೊಂಡು 45 ಡಿಗ್ರಿ ವಾಲಿಸಿದರೆ ಸ್ಟಾಲ್ ವೇಗ ಶೇ. 19ರಷ್ಟು ಏರುತ್ತದೆ, 60ಕ್ಕೆ ಶೇ. 41.

ಇನ್ನೊಂದು ಮೋಸ ಅಡ್ಡಗಾಳಿಯದು. ಮೂತಿ ಒಂದು ಕಡೆ, ಹೋಗುವ ದಾರಿ ಇನ್ನೊಂದು ಕಡೆ ಇರುವುದರಿಂದ ವಿಮಾನ ಪಕ್ಕಕ್ಕೆ ಜಾರುತ್ತಿದೆ ಅನ್ನಿಸುತ್ತದೆ. ಅದನ್ನು ಬಾಲದಲ್ಲಿರುವ, ಮೂತಿಯನ್ನು ಎಡಬಲಕ್ಕೆ ತಿರುಗಿಸುವ ರಡ್ಡರ್‌ನಿಂದ ಸರಿಪಡಿಸಲು ಹೋದರೆ ಇಲ್ಲದ ಜಾರಿಕೆ ನಿಜವಾಗಿಯೇ ಹುಟ್ಟುತ್ತದೆ. ದೊಡ್ಡ ವಿಮಾನದ ಪೈಲಟ್‌ಗಳಿಗೂ ಕಡಿಮೆ ಎತ್ತರದಲ್ಲಿ ಇದೇ ಭ್ರಮೆ. ರನ್‌ವೇ ನೇರ ದಾಟಿಹೋಯಿತೆಂದು ಕೊನೆಯ ತಿರುವಿನಲ್ಲಿ ಒಳಗಿನ ರಡ್ಡರ್ ಒತ್ತಿ, ಸ್ಟಿಕ್ ಎಳೆದು, ಗಿರಗಿರನೆ ಸುತ್ತುತ್ತಾ ಬೀಳುವ ಸ್ಪಿನ್‌ಗೆ ಬಿದ್ದು ಪ್ರಾಣ ಕಳೆದುಕೊಂಡವರಿದ್ದಾರೆ. ಅವರ ಮುಂದೆ ಜಾರಿಕೆ ತೋರಿಸುವ ಚೆಂಡಿನ ಮಾಪಕ ಇರುತ್ತದೆ. ನಿಮಗದು ಇಲ್ಲ, ಆದ್ದರಿಂದ ರಡ್ಡರ್ ಕಡಿಮೆ ಬಳಸಿ.

ಗಾಳಿ ಇಡೀ ಸುತ್ತನ್ನೇ ತಳ್ಳುತ್ತದೆ ಅನ್ನುವುದು ಮಾತ್ರ ಭ್ರಮೆಯಲ್ಲ. ಮೇಲಿನ ಲೆಕ್ಕದಲ್ಲೇ 10 ಸೆಕೆಂಡಿನ ಸುತ್ತು 50 ಮೀಟರ್ ಸರಿಯುತ್ತದೆ. ಗಾಳಿ ಬೆನ್ನಿಗಿರುವಾಗ ತುಸು ಹೆಚ್ಚು, ಎದುರಿಗಿರುವಾಗ ಕಡಿಮೆ ವಾಲಿಸಿದರೆ ಸುತ್ತು ನಿಮ್ಮ ಮುಂದೆಯೇ ಉಳಿಯುತ್ತದೆ. ತಿರುವನ್ನೂ ಬೇಗ ಶುರುಮಾಡಿ.

ನೆಲದ ಹತ್ತಿರ ಗಾಳಿ ನಿಜಕ್ಕೂ ಬದಲಾಗುತ್ತದೆ. ಕೆರೆ ಏರಿ, ನೀಲಗಿರಿ ತೋಪು ಇದ್ದರೆ ಅವುಗಳ ಮರೆಯಲ್ಲಿ ಗಾಳಿ ಸುಳಿಯುತ್ತದೆ, ಎದುರುಗಾಳಿ ತಟ್ಟನೆ ಕುಗ್ಗಿ ರೆಕ್ಕೆಗೆ ಸಿಗುವ ವೇಗವೂ ಕುಸಿಯುತ್ತದೆ. ಇಳಿಸುವ ಮುಂಚಿನ ತಿರುವನ್ನು ಮರಗಳ ತುದಿಗಿಂತ ಎತ್ತರದಲ್ಲೇ ಮುಗಿಸಿ, ನೆಲ ಮುಟ್ಟುವವರೆಗೂ ಥ್ರಾಟಲ್ ಸ್ವಲ್ಪ ಉಳಿಸಿಕೊಳ್ಳಿ.