ದೇವರ ಪಟಕ್ಕೂ ಬೂಷ್ಟು ಬರುತ್ತದೆ

ನಮ್ಮ ಮೂಡಿಗೆರೆ ಕಡೆ ಜೂನ್‌ನಲ್ಲಿ ಮಳೆ ಹಿಡಿದರೆ ಸೆಪ್ಟೆಂಬರ್‌ವರೆಗೆ ಗೋಡೆಯ ತೇವ ಆರುವುದಿಲ್ಲ. ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಬಂದರೆ ಎಲ್ಲರಿಗೂ ಕಾಣುತ್ತದೆ. ದೇವರ ಪಟದ ಹಿಂದೆ ಯಾರು ನೋಡುತ್ತಾರೆ? ನಾನೂ ನೋಡಿರಲಿಲ್ಲ. ಮದುವೆಯಾದ ವರ್ಷ ಶೃಂಗೇರಿಯಿಂದ ತಂದ ಶಾರದಾಂಬೆ ಪಟವನ್ನು ಒಂದು ಗೌರಿ ಹಬ್ಬಕ್ಕೆ ಒರೆಸಲು ಇಳಿಸಿದರೆ, ಹಿಂದಿನ ರಟ್ಟು ಕೈಗೇ ಬಂತು. ಅಮ್ಮನ ಸೀರೆ ಅಂಚು ಗಾಜಿಗೆ ಅಂಟಿಕೊಂಡಿತ್ತು. ಬಿಡಿಸಲು ಹೋದೆ, ಬಣ್ಣವೂ ಕಿತ್ತು ಬಂತು. ಹಾಗೆ ಅಂಟಿದ್ದನ್ನು ಎಳೆಯಬೇಡಿ, ಗಾಜಿನ ಸಮೇತ ಬಿಟ್ಟುಬಿಡಿ.

ಆಮೇಲಿಂದ ಪ್ರತಿ ಪಟದ ಹಿಂದೆ, ಕೆಳಗಿನ ಎರಡು ಮೂಲೆಗೆ ಬಾಟಲಿ ಬಿರಡೆಯ ಚೂರು ಅಂಟಿಸುತ್ತೇನೆ. ಬೆರಳು ತೂರುವಷ್ಟು ಸಂದು ಸಿಕ್ಕರೆ ಸಾಕು, ಗಾಳಿ ಆಡುತ್ತದೆ. ನಮ್ಮ ಯಜಮಾನರು ಹಳೇ ಹವಾಯಿ ಚಪ್ಪಲಿ ಕತ್ತರಿಸಲು ಹೊರಟಿದ್ದರು, ಬೈಸಿಕೊಂಡರು. ಹೊಸದಾಗಿ ಕಟ್ಟು ಹಾಕಿಸುವಾಗ ಚಿತ್ರ ಗಾಜಿಗೆ ತಾಗದಂತೆ ಸುತ್ತ ರಟ್ಟಿನ ಪಟ್ಟಿ ಇಡಲು ಹೇಳಿ. ಮುಡಿಸಿದ ಹೂವನ್ನು ಮಳೆಗಾಲದಲ್ಲಿ ಸಂಜೆಗೇ ತೆಗೆಯಿರಿ.

ಹಿತ್ತಾಳೆ ದೀಪಕ್ಕೆ ಹುಣಸೆಹಣ್ಣು ಸಾಕು. ಆದರೆ ಸಂದಿನಲ್ಲಿ ಹುಳಿ ಉಳಿದರೆ ಹಸಿರು ಕಿಲುಬು ಕಟ್ಟುತ್ತದೆ. ಚೆನ್ನಾಗಿ ತೊಳೆದು, ಒರೆಸಿ, ಒಲೆ ಪಕ್ಕ ಸ್ವಲ್ಪ ಹೊತ್ತು ಇಡಿ. ಬೆಳ್ಳಿಗೆ ವಿಭೂತಿ. ಬೆಳ್ಳಿಯ ಮೇಲೆ ರಬ್ಬರ್ ಬ್ಯಾಂಡ್ ಮಾತ್ರ ಹಾಕಬೇಡಿ, ರಬ್ಬರಿನಲ್ಲಿರುವ ಗಂಧಕಕ್ಕೆ ಅದು ಕಪ್ಪಾಗುತ್ತದೆ. ನನ್ನ ಕುಂಕುಮದ ಭರಣಿ ಸುತ್ತ ಆ ಗೆರೆ ಇನ್ನೂ ಇದೆ.

ಮಲಗುವ ಮುಂಚೆ ದೀಪ ಶಾಂತ ಮಾಡಿ. ಹಾಸನಾಂಬೆ ಗುಡಿಯಲ್ಲಿ ಬಾಗಿಲು ಹಾಕಿದ ಮೇಲೂ ಮುಂದಿನ ವರ್ಷದವರೆಗೆ ದೀಪ ಉರಿಯುತ್ತದೆ ಅಂತ ಜನ ನಂಬುತ್ತಾರೆ, ಅಲ್ವಾ? ಅದು ಅಮ್ಮನ ಗುಡಿ. ನಮ್ಮ ಅಟ್ಟದಲ್ಲಿ ಇಲಿಗಳಿವೆ. ಎಣ್ಣೆ ಬತ್ತಿ ಎಂದರೆ ಅವಕ್ಕೆ ಪ್ರಾಣ. ಉರಿಯುವ ಬತ್ತಿಯನ್ನೇ ಎಳೆದುಕೊಂಡು ಓಡುತ್ತವೆ.

ಹಾಳಾದ ಪಟವನ್ನು ಸುಮ್ನೆ ಅರಳಿಕಟ್ಟೆ ಮೇಲೆ ಇಟ್ಟು ಬರುವುದು ನನಗೆ ಸರಿ ಕಾಣುವುದಿಲ್ಲ. ನಾಯಿ ಮೂಸುತ್ತದೆ, ಗಾಜು ಒಡೆದು ಮಕ್ಕಳ ಕಾಲಿಗೆ ಚುಚ್ಚುತ್ತದೆ. ಕಟ್ಟು ಬಿಚ್ಚಿ, ಕೈಮುಗಿದು, ಬರೀ ಕಾಗದವನ್ನು ಬಕೆಟ್ ನೀರಿನಲ್ಲಿ ನೆನೆಸಿ. ಮುದ್ದೆಯಾದ ಮೇಲೆ ಹೂವಿನ ಗಿಡದ ಬುಡಕ್ಕೆ ಹಾಕಿ ಮಣ್ಣು ಮುಚ್ಚಿ. ಪ್ಲಾಸ್ಟಿಕ್ ಹೊದಿಸಿದ ಪಟ ಕರಗುವುದಿಲ್ಲ, ಅದಕ್ಕೇ ನಾನು ಅಂಥದ್ದನ್ನು ತರುವುದೇ ಇಲ್ಲ.

ಆ ಶಾರದಾಂಬೆಯನ್ನು ನೆನೆಸಲು ಮಾತ್ರ ಮನಸ್ಸು ಬರಲಿಲ್ಲ. ಅರ್ಧ ಅಂಚಿನ ಸೀರೆಯಲ್ಲೇ ಗೋಡೆ ಮೇಲಿದ್ದಾಳೆ, ಬೆನ್ನಿಗೆ ಎರಡು ಬಿರಡೆ ಚೂರು ಅಂಟಿಸಿಕೊಂಡು.