ಮದುವೆಯ ಮಾತುಕತೆಯಲ್ಲೇ ಉದ್ಯೋಗದ ಮಾತೂ ಆಗಲಿ

ನಮ್ಮ ಮನೆಗಳಲ್ಲಿ ಮದುವೆ ನಿಶ್ಚಯವಾಗುವಾಗ ಒಡವೆ, ಛತ್ರ, ಊಟಗಳ ವಿಚಾರ ಹಿರಿಯರ ಮುಂದೆ ವಿವರವಾಗಿ ಚರ್ಚೆಯಾಗುತ್ತದೆ. ಹುಡುಗಿಯ ಉದ್ಯೋಗದ ವಿಚಾರ ಮಾತ್ರ "ಅದಕ್ಕೇನು, ಮಾಡಲಿ ಬಿಡಿ" ಎಂಬ ಒಂದೇ ಮಾತಿನಲ್ಲಿ ಮುಗಿದುಹೋಗುತ್ತದೆ. ಮುಂದಿನ ಎಷ್ಟೋ ಮನಸ್ತಾಪಗಳಿಗೆ ಈ ಅರೆಬರೆ ಒಪ್ಪಿಗೆಯೇ ಮೂಲವೆಂಬುದು ನನ್ನ ದೃಢವಾದ ಅಭಿಪ್ರಾಯ. ಆದ್ದರಿಂದ ನಿಶ್ಚಿತಾರ್ಥಕ್ಕೆ ಮೊದಲೇ ಹುಡುಗನೊಡನೆ ನೀವೇ ಮಾತನಾಡಿ, ಅನಂತರ ಅದೇ ವಿಷಯವನ್ನು ಎರಡೂ ಕಡೆಯ ಹಿರಿಯರಿರುವಾಗ ನಿಮ್ಮ ತಂದೆಯವರೋ ಸೋದರಮಾವನವರೋ ಪ್ರಸ್ತಾಪಿಸುವಂತೆ ನೋಡಿಕೊಳ್ಳಿ. "ಕೆಲಸಕ್ಕೆ ಹೋಗಬಹುದೇ" ಎಂದು ಕೇಳಿದರೆ ಅನುಮತಿ ಬೇಡಿದಂತಾಗುತ್ತದೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಡುವವಳಿಗೆ ಅಡುಗೆಯಲ್ಲಿ ಯಾರು ಜೊತೆಯಾಗುತ್ತಾರೆ, ವರ್ಗಾವಣೆಯಾದರೆ ಸಂಸಾರ ಎಲ್ಲಿ, ತವರಿಗೆ ಕೊಡುತ್ತಿರುವ ಹಣ ಮುಂದುವರಿಯುತ್ತದೆಯೇ ಎಂದು ಬಿಡಿಬಿಡಿಯಾಗಿ ಕೇಳಿ. ಇಬ್ಬರೂ ಸರ್ಕಾರಿ ಶಾಲಾ ಶಿಕ್ಷಕರಾಗಿದ್ದರೆ ವರ್ಗಾವಣೆಯಲ್ಲಿ ಪತಿ-ಪತ್ನಿ ಪ್ರಕರಣದಡಿ, ಅಂದರೆ ದಂಪತಿ ಹತ್ತಿರ ಹತ್ತಿರ ಕೆಲಸ ಮಾಡುವಂತಾಗಲೆಂದು, ಕೋರಿಕೆ ಸಲ್ಲಿಸಲು ಅವಕಾಶವಿದೆ. ಇಂಥ ಸಂದರ್ಭಗಳಿಗಾಗಿ ಮದುವೆಯ ನೋಂದಣಿಯನ್ನು ತಡಮಾಡದೆ ಮಾಡಿಸಿ.

ಹೊಸ ವರ್ಷದ ಕ್ಯಾಲೆಂಡರ್ ಬಂದ ಕೂಡಲೇ ಅತ್ತೆಯವರೊಡನೆ ಕುಳಿತು ಗೌರಿ ಹಬ್ಬ, ಊರ ಜಾತ್ರೆ, ಮನೆಯ ಶ್ರಾದ್ಧದ ತಿಥಿಗಳನ್ನು ಗುರುತಿಸಿ, ಯಾವ ದಿನ ರಜೆ ಹಾಕಬಲ್ಲಿರಿ, ಯಾವ ದಿನ ಸಾಧ್ಯವಿಲ್ಲವೆಂಬುದನ್ನು ಆಗಲೇ ತಿಳಿಸಿ. ಹಬ್ಬದ ಹಿಂದಿನ ರಾತ್ರಿ ಹೇಳುವ "ಆಗುವುದಿಲ್ಲ" ನೋಯಿಸುವಷ್ಟು, ತಿಂಗಳುಗಳ ಮೊದಲೇ ಹೇಳಿದ್ದು ನೋಯಿಸುವುದಿಲ್ಲ.

ಸಂಬಳ ನಿಮ್ಮ ಹೆಸರಿನ ಖಾತೆಗೇ ಬರಲಿ. ಮನೆ ಖರ್ಚಿಗೆ ಬೇಕಾದರೆ ಬೇರೆ ಜಂಟಿ ಖಾತೆ ತೆರೆಯಿರಿ. ಮದುವೆಗೆ ಮೊದಲು ಭವಿಷ್ಯ ನಿಧಿಗೆ (ಪಿಎಫ್) ಮಾಡಿದ್ದ ನಾಮನಿರ್ದೇಶನ, ಅಂದರೆ ನಿಮ್ಮ ನಂತರ ಆ ಹಣ ಯಾರಿಗೆ ಸೇರಬೇಕೆಂಬ ಸೂಚನೆ, ಮದುವೆಯ ನಂತರ ಊರ್ಜಿತವಾಗಿ ಉಳಿಯುವುದಿಲ್ಲವಾದ್ದರಿಂದ ಅದನ್ನು ಹೊಸದಾಗಿ ಸಲ್ಲಿಸಬೇಕು.

ಹೆಚ್ಚು ಎಚ್ಚರದಿಂದ ಯೋಜಿಸಬೇಕಾದದ್ದು ಬಾಣಂತನ. ಹೆರಿಗೆ ಸೌಲಭ್ಯ ಕಾಯ್ದೆಗೆ 2017ರಲ್ಲಿ ಆದ ತಿದ್ದುಪಡಿಯ ನಂತರ ಮೊದಲ ಎರಡು ಮಕ್ಕಳಿಗೆ 26 ವಾರಗಳ ವೇತನಸಹಿತ ಹೆರಿಗೆ ರಜೆಯಿದ್ದು, ಅದರಲ್ಲಿ ಹೆರಿಗೆಗೆ ಮೊದಲು ಗರಿಷ್ಠ 8 ವಾರಗಳನ್ನಷ್ಟೇ ಬಳಸಬಹುದು. ಇದಕ್ಕೆ ಹೆರಿಗೆಯ ನಿರೀಕ್ಷಿತ ದಿನದ ಹಿಂದಿನ 12 ತಿಂಗಳಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಸೀಮಂತವಾದ ಕೂಡಲೇ, ಏಳನೆಯ ತಿಂಗಳಲ್ಲೇ, ತವರಿಗೆ ಹೊರಡುವ ರೂಢಿ ಈ ಲೆಕ್ಕಕ್ಕೆ ಹೊಂದುವುದಿಲ್ಲ. ವೈದ್ಯರು ಒಪ್ಪಿದರೆ ಸೀಮಂತ ಮುಗಿಸಿಕೊಂಡೂ ಕೆಲಸ ಮುಂದುವರಿಸಿ, ಹೆರಿಗೆಗೆ ಎರಡು ವಾರ ಇರುವಾಗ ರಜೆ ಹಾಕಿದರೆ 24 ವಾರಗಳು ಮಗುವಿಗಾಗಿ ಉಳಿಯುತ್ತವೆ.

ಆ ವಾರಗಳನ್ನೆಲ್ಲ ತವರಿನಲ್ಲೇ ಕಳೆಯಬೇಡಿ. ತವರಿನಿಂದ ಬಂದ ಮರುದಿನವೇ ನೀವು ಕಚೇರಿಗೆ ಹೊರಟರೆ, ಕೂಸು ಹೊಸ ಮನೆಗೂ ಹೊಸ ಕೈಗಳಿಗೂ ತಾಯಿಯ ಅಗಲಿಕೆಗೂ ಒಮ್ಮೆಲೇ ಹೊಂದಿಕೊಳ್ಳಬೇಕಾಗುತ್ತದೆ, ಅತ್ತೆಯವರೂ ಕಂಗಾಲಾಗುತ್ತಾರೆ. ಕನಿಷ್ಠ ಐದಾರು ವಾರ ಗಂಡನ ಮನೆಗೆಂದೇ ಉಳಿಸಿ. 50 ಅಥವಾ ಹೆಚ್ಚು ನೌಕರರಿರುವ ಸಂಸ್ಥೆ ಶಿಶುಪಾಲನಾ ಕೇಂದ್ರದ ಸೌಲಭ್ಯ ಕಲ್ಪಿಸಬೇಕು, ತಾಯಿ ದಿನಕ್ಕೆ ನಾಲ್ಕು ಬಾರಿ ಅಲ್ಲಿಗೆ ಹೋಗಿಬರಲು ಬಿಡಬೇಕು. ರಜೆಗೆ ಹೊರಡುವ ಮೊದಲೇ ಇದನ್ನು ಲಿಖಿತವಾಗಿ ವಿಚಾರಿಸಿ. ಮನೆಯಲ್ಲೇ ಬಿಡುವುದಾದರೆ ರಜೆಯ ಕೊನೆಯ ವಾರ ಪೂರ್ತಿ, ಕಚೇರಿಯ ವೇಳೆಯಲ್ಲಿ ಮಗುವಿನ ಹಾಲು, ಸ್ನಾನ, ನಿದ್ದೆಗಳನ್ನು ಅತ್ತೆಯವರೋ ಆಯಾ ಅವರೋ ನೋಡಿಕೊಳ್ಳಲಿ, ಬೆಳಗಿನ ಪಾಳಿಯನ್ನು ನಿಮ್ಮ ಪತಿ ವಹಿಸಿಕೊಳ್ಳಲಿ. ನೀವು ಪಕ್ಕದ ಕೋಣೆಯಲ್ಲಿದ್ದು, ಕರೆದಾಗ ಮಾತ್ರ ಬನ್ನಿ.