ಎಲ್ಲ ತಾಣವೂ ತೆರೆಯುತ್ತದೆ, ಅದೊಂದು ಮಾತ್ರ ಇಲ್ಲ

ನಾನು ದಿನಾ ನೋಡುವ ಕನ್ನಡ ನಿಘಂಟಿನ ತಾಣ ಮನೆಯ ವೈಫೈನಲ್ಲಿ ತೆರೆಯದಾಯಿತು. ಲ್ಯಾಪ್‌ಟಾಪಿನ ಬ್ರೌಸರ್ ಟ್ಯಾಬಿನಲ್ಲಿ ಚಕ್ರ ತಿರುಗುತ್ತದೆ, ಪುಟ ಬೆಳ್ಳಗೇ ಇರುತ್ತದೆ, ಕೊನೆಗೆ 'ಟೈಮ್ಡ್ ಔಟ್'. ಮೇಲ್, ವಿಡಿಯೋ ಎಲ್ಲ ಸರಾಗ. ಇಂಥ ಹೊತ್ತಿನಲ್ಲಿ ರೌಟರಿನ ರೀಸೆಟ್ ತೂತಿಗೆ ಪಿನ್ನು ಚುಚ್ಚಬೇಡಿ. ಪಿಪಿಪಿಒಇ (ರೌಟರ್ ಇಂಟರ್ನೆಟ್ ಕಂಪನಿಗೆ ಲಾಗಿನ್ ಆಗುವ ವಿಧಾನ) ಯೂಸರ್‌ನೇಮ್, ಪಾಸ್‌ವರ್ಡ್ ಅಳಿಸಿ ಇದ್ದ ಇಂಟರ್ನೆಟ್ಟೂ ಹೋಗುತ್ತದೆ.

ಮೊದಲು ಫೋನಿನ ವೈಫೈ ಆರಿಸಿ ಮೊಬೈಲ್ ಡೇಟಾದಲ್ಲಿ ನೋಡಿದೆ. ತಾಣ ತೆರೆಯಿತು, ಅಂದರೆ ಅದು ಬದುಕಿದೆ. ಅದೇ ಫೋನನ್ನು ವೈಫೈಗೆ ಸೇರಿಸಿದರೆ ತೆರೆಯಲಿಲ್ಲ, ಅಂದರೆ ತಪ್ಪು ಲ್ಯಾಪ್‌ಟಾಪಿನದಲ್ಲ. ನಿಮ್ಮಲ್ಲಿ ಫೋನಿಗೆ ಸಿಕ್ಕಿ ಕಂಪ್ಯೂಟರಿಗೆ ಮಾತ್ರ ಸಿಗದಿದ್ದರೆ ಬ್ರೌಸರಿನ ಇನ್‌ಕಾಗ್ನಿಟೋ (ಖಾಸಗಿ) ಕಿಟಕಿಯಲ್ಲಿ ತೆರೆದು ನೋಡಿ. ಅಲ್ಲಿ ಬಂದರೆ ಕುಕ್ಕಿ ಅಥವಾ ಎಕ್ಸ್‌ಟೆನ್ಶನ್ನಿನ ತೊಂದರೆ. ಸರ್ಟಿಫಿಕೇಟ್ (ತಾಣದ ಗುರುತಿನ ಪತ್ರ) ಎರರ್ ಬಂದರೆ ಕಂಪ್ಯೂಟರಿನ ತಾರೀಖು ನೋಡಿ. ಹಳೇ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡಿನ ಸಿಆರ್2032 ಸೆಲ್ ಸತ್ತಿದ್ದರೆ ಗಡಿಯಾರ ವರ್ಷಗಟ್ಟಲೆ ಹಿಂದೆ ಹೋಗಿರುತ್ತದೆ.

ಮುಂದಿನದು ಡಿಎನ್‌ಎಸ್, ಅಂದರೆ ತಾಣದ ಹೆಸರಿಗೆ ಅದರ ಸಂಖ್ಯೆಯ ವಿಳಾಸ ಹುಡುಕಿಕೊಡುವ ವ್ಯವಸ್ಥೆ. ಕಮಾಂಡ್ ಪ್ರಾಂಪ್ಟಿನಲ್ಲಿ ಎನ್‌ಎಸ್‌ಲುಕಪ್ (nslookup) ಆದೇಶದ ಜೊತೆಗೆ ತಾಣದ ಹೆಸರು ಕೊಟ್ಟೆ. ಮತ್ತೆ ಅದನ್ನೇ ಕೊನೆಗೆ 1.1.1.1 (ಎಲ್ಲರೂ ಬಳಸಬಹುದಾದ ಒಂದು ಡಿಎನ್‌ಎಸ್ ಸರ್ವರ್) ಸೇರಿಸಿ ಕೊಟ್ಟೆ. ಮೊದಲನೆಯದು ಸೋತು ಎರಡನೆಯದು ಗೆದ್ದರೆ ಲೈನಿನವರ (ಇಂಟರ್ನೆಟ್ ಕಂಪನಿಯ) ಡಿಎನ್‌ಎಸ್ ಕೆಟ್ಟಿದೆ ಎಂದರ್ಥ. ಆಗ ರೌಟರಿನಲ್ಲಿ 1.1.1.1 ಮತ್ತು 8.8.8.8 ಹಾಕಿದರೆ ಮುಗಿಯಿತು. ನನಗೆ ಎರಡೂ ಸಲ ಒಂದೇ ವಿಳಾಸ ಬಂತು.

ಹೆಸರು ಸಿಗುತ್ತದೆ, ಸಂಪರ್ಕವೂ ಶುರುವಾಗುತ್ತದೆ, ಪುಟ ಮಾತ್ರ ಬರುವುದಿಲ್ಲ. ಈ ಲಕ್ಷಣ ಕಂಡಾಗ ಎಂಟಿಯು, ಅಂದರೆ ಒಂದು ಪ್ಯಾಕೆಟ್ಟಿನ (ಒಂದು ಸಲಕ್ಕೆ ಕಳಿಸುವ ಡೇಟಾ ತುಂಡಿನ) ಗರಿಷ್ಠ ಗಾತ್ರ, ನೋಡಲೇಬೇಕು. ಈಥರ್ನೆಟ್ಟಿನ ಒಂದು ಪ್ಯಾಕೆಟ್ 1500 ಬೈಟ್‌ವರೆಗೆ ಹೊರುತ್ತದೆ. ಪಿಪಿಪಿಒಇ ಅದರಲ್ಲಿ 8 ಬೈಟ್ ತಿನ್ನುತ್ತದೆ, ಉಳಿಯುವುದು 1492. ರೌಟರಿನಲ್ಲಿ 1500 ಎಂದೇ ಇದ್ದರೆ ಸರ್ವರ್ ಅಷ್ಟು ದೊಡ್ಡ ಪ್ಯಾಕೆಟ್ ಕಳಿಸುತ್ತದೆ, ಅದು ದಾರಿಯಲ್ಲಿ ಬಿದ್ದುಹೋಗುತ್ತದೆ. 'ಚಿಕ್ಕದು ಮಾಡಿ ಕಳಿಸು' ಎಂಬ ಐಸಿಎಂಪಿ (ಜಾಲದ ತೊಂದರೆ ತಿಳಿಸುವ, ಪಿಂಗ್ ಕೂಡ ಬಳಸುವ ವಿಧಾನ) ಸಂದೇಶ ಸರ್ವರಿಗೆ ಹೋಗಬೇಕು. ಆ ಕಡೆಯ ಫೈರ್‌ವಾಲ್ ಐಸಿಎಂಪಿಯನ್ನೇ ತಡೆದಿದ್ದರೆ ಸರ್ವರಿಗೆ ಗೊತ್ತಾಗುವುದೇ ಇಲ್ಲ. ಅದೇ ಗಾತ್ರದ್ದನ್ನು ಮತ್ತೆ ಮತ್ತೆ ಕಳಿಸುತ್ತದೆ. ಆರಂಭದ ಚಿಕ್ಕ ಪ್ಯಾಕೆಟ್‌ಗಳು ದಾಟುತ್ತವೆ, ದಪ್ಪನೆಯ ಸರ್ಟಿಫಿಕೇಟ್ ಬರುವಾಗ ಎಲ್ಲ ನಿಲ್ಲುತ್ತದೆ. ಐಸಿಎಂಪಿ ತಡೆಯದ ತಾಣಗಳು ಚೆನ್ನಾಗಿ ತೆರೆಯುವುದರಿಂದ ರೌಟರಿನ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ.

ಅಳೆಯುವುದು ಸುಲಭ. ವಿಂಡೋಸ್‌ನಲ್ಲಿ ಪಿಂಗ್ 1.1.1.1, ಅದರ ಜೊತೆ ಹೈಫನ್ ಎಫ್ (ಪ್ಯಾಕೆಟ್ ಒಡೆಯಬೇಡ ಎಂದು), ಹೈಫನ್ ಎಲ್, ಮುಂದೆ ಸಂಖ್ಯೆ. 1472 ಕೊಟ್ಟೆ, ಉತ್ತರವಿಲ್ಲ. 1464 ಕೊಟ್ಟೆ, ನಾಲ್ಕಕ್ಕೆ ನಾಲ್ಕೂ ಬಂದವು. 1465ಕ್ಕೆ ಮತ್ತೆ ಮೌನ. ಈ ಸಂಖ್ಯೆಗೆ ಐಪಿ ಹೆಡರಿನ (ಪ್ಯಾಕೆಟ್ಟಿನ ತಲೆಬರಹದ) 20 ಬೈಟ್, ಐಸಿಎಂಪಿ ಹೆಡರಿನ 8 ಬೈಟ್ ಸೇರಿಸಬೇಕು: 1464ಕ್ಕೆ 28 ಕೂಡಿದರೆ 1492. ನಿಮ್ಮ ಗಡಿ ಇನ್ನೂ ಕೆಳಗೆ ಸಿಕ್ಕರೆ ಅದಕ್ಕೆ 28 ಸೇರಿಸಿ ಬಂದದ್ದೇ ನಿಮ್ಮ ಎಂಟಿಯು.

ರೌಟರಿನ ವ್ಯಾನ್ (WAN, ಹೊರಗಿನ ಇಂಟರ್ನೆಟ್ ಸಂಪರ್ಕದ) ಪುಟದಲ್ಲಿ, ಪಿಪಿಪಿಒಇ ಕೆಳಗೆ, ಎಂಟಿಯು 1500 ಎಂದಿತ್ತು. 1492 ಮಾಡಿ ಸೇವ್ ಕೊಟ್ಟೆ. ಲೈನ್ ಕಡಿದು ಮತ್ತೆ ಸೇರಿತು, ತಾಣ ಒಂದೇ ಏಟಿಗೆ ತೆರೆಯಿತು. ಎಂಎಸ್‌ಎಸ್ (ಹೆಡರುಗಳನ್ನು ಬಿಟ್ಟು ಉಳಿಯುವ ಡೇಟಾದ ಗಾತ್ರ) ಎಂಬ ಜಾಗವೂ ಇದ್ದರೆ ಅಲ್ಲಿ 1452 ಇರಬೇಕು, ಎಂಟಿಯುಗಿಂತ 40 ಕಡಿಮೆ.

ಕೆಲವು ರೌಟರಿನಲ್ಲಿ ಲೈನಿನವರು ಈ ಪುಟಕ್ಕೆ ಬೀಗ ಹಾಕಿರುತ್ತಾರೆ. ಲ್ಯಾಪ್‌ಟಾಪಿನ ನೆಟ್‌ವರ್ಕ್ ಅಡಾಪ್ಟರಿಗೇ 1492 ಇಟ್ಟು ಸದ್ಯದ ಕೆಲಸ ನಡೆಸಬಹುದು, ಆದರೆ ಫೋನು, ಟಿವಿಗೆ ಹಾಗೆ ಮಾಡಲಾಗದು. ಕಸ್ಟಮರ್ ಕೇರಿಗೆ ಫೋನ್ ಮಾಡಿದಾಗ 'ಒಂದು ಸೈಟ್ ಬರ್ತಿಲ್ಲ' ಎನ್ನಬೇಡಿ. ಸ್ಪೀಡ್ ನೋಡಿ ಕಂಪ್ಲೇಂಟ್ ಮುಚ್ಚುತ್ತಾರೆ. '1464 ಹೋಗುತ್ತದೆ, 1465 ಹೋಗುವುದಿಲ್ಲ, ವ್ಯಾನ್ ಎಂಟಿಯು 1492 ಮಾಡಿಕೊಡಿ' ಎಂದು ಹೇಳಿ.